ಬೀಗರ ಹಾಡಿನಲ್ಲಿ ಏಕೀಕರಣ

ಮಾತುಗಳು ಒಂದಿಷ್ಟು ಬದಲಾಗಿರಬಹುದು, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಕುಣಿಗಲ್ಲಿನಲ್ಲಿ ನಡೆದ ದೊಡ್ಡತ್ತೆಯ ಮದುವೆಯಲ್ಲಿ ಚಿಕ್ಕತ್ತೆ ಹಾಡಿದ್ದು ನಿಜ. ಕನ್ನಡ ಸೀಮೆಗಳನ್ನೆಲ್ಲ ಸೇರಿಸಿ ಒಂದೇ ರಾಜ್ಯ ಮಾಡಬೇಕೇ ಬೇಡವೇ ಎಂದು ಮನೆಮನೆಯಲ್ಲೂ ವಾದ ನಡೆಯುತ್ತಿದ್ದ ಕಾಲ. ಗಂಡಿನ ತಂದೆಗೆ ಮೈಸೂರು ಬೇರೆಯಾಗಿಯೇ ಇರಬೇಕಿತ್ತು.

ಊಟದ ಪಂಕ್ತಿಯಲ್ಲಿ ಬೀಗರನ್ನು ಹಾಡಿನಲ್ಲಿ ಗೇಲಿ ಮಾಡುವುದು ವಾಡಿಕೆ. ಅವರ ಹೊಟ್ಟೆ, ಮೀಸೆ ಎಲ್ಲ ಮುಗಿದ ಮೇಲೆ, ಧಾರವಾಡದವರು ಹೋಳಿಗೆಯಲ್ಲಿ ಪಾಲು ಕೇಳಿಯಾರೆಂದು ನಮ್ಮ ಬೀಗರು ಎಲೆಗೆ ಬೇಲಿ ಹಾಕಿದ್ದಾರೆ ಎಂದು ಚಿಕ್ಕತ್ತೆ ಒಂದು ಸಾಲು ಸೇರಿಸಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು.

"ಈ ಹುಡ್ಗೀನ ಎಲೆಕ್ಷನ್‌ಗೆ ನಿಲ್ಸಿ ಕಣ್ರೀ," ಎಂದು ಬೀಗರೂ ನಕ್ಕರು. ನಿಜಕ್ಕೂ ನಕ್ಕರೋ, ನಾನೇ ಆಮೇಲೆ ಅವರನ್ನು ನಗಿಸಿದೆನೋ ತಿಳಿಯದು. ತಾತ ಮಾತ್ರ ನಗಲಿಲ್ಲ. ನಮ್ಮೂರು ಗುಬ್ಬಿಗೆ ಮರಳಿದ ಮೇಲೆ ಚಿಕ್ಕತ್ತೆಯನ್ನು ಕರೆದು, "ಇನ್ಮೇಲೆ ನಾಲ್ಕು ಜನರ ಎದುರಿಗೆ ಹಾಡ್ಬೇಡ ಕಣೇ. ನಿನ್ನಕ್ಕ ಆ ಮನೇಲಿ ಬಾಳ್ಬೇಕು," ಎಂದರು. ಅವಳು ಮತ್ತೆ ಹಾಡಲಿಲ್ಲ.

ರಾಜ್ಯ ಒಂದಾಯಿತು. ತಾತ ತೀರಿಕೊಂಡರು. ತುಮಕೂರಿನಲ್ಲಿ ಕಾಲೇಜಿಗೆ ಸೇರಿದ ವರ್ಷ ನಾನು ಅವಳನ್ನು ಕೇಳಿದೆ: "ಅತ್ತೆ, ನೀನು ಹಾಡಿದ ಆ ಬೇಲಿ ಬಿದ್ದೇ ಹೋಯ್ತಲ್ಲ. ದೊಡ್ಡತ್ತೇನೂ ಚೆನ್ನಾಗಿದಾಳೆ. ಈಗ ಯಾರಿಗೋಸ್ಕರ ಸುಮ್ನಿದೀಯ?"