ಕಡಲ ದಂಡೆಗೆ ಖಡಕ್ ರೊಟ್ಟಿ

ಮೇ ತಿಂಗಳಲ್ಲಿ ಸಮುದ್ರದ ದಂಡೆ ಹಿಡಿದು ದಿನವಿಡೀ ನಡೆಯುವ ಹುಚ್ಚು ನನ್ನದಲ್ಲ. ಅದು ಬಿಂಕದಕಟ್ಟಿ ರಸ್ತೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮ ಗುಂಪಿನ ಮುಂದಾಳು, ನಿವೃತ್ತ ಮಾಸ್ತರರದು. ಗೋಕರ್ಣದಿಂದ ಕುಮಟಾ ಕಡೆಗೆ ನಡೆದು, ಸಂಜೆ ದಂಡೆಯಲ್ಲೇ ಟೆಂಟ್ ಹಾಕೋಣ ಎಂದಾಗ ನನ್ನ ನೆಗೆಣ್ಣಿ, ಅಂದರೆ ನಾನು ಅಕ್ಕ ಎಂದು ಕರೆಯುವ ಭಾವನ ಹೆಂಡತಿ, ಮೊದಲು ಕೈ ಎತ್ತಿದಳು. ಅವಳೊಬ್ಬಳೇ ಹೋಗಿ ಬಂದು ವರ್ಷಗಟ್ಟಲೆ ಕೊಚ್ಚಿಕೊಳ್ಳುವುದನ್ನು ಕೇಳುವ ತಾಳ್ಮೆ ನನಗಿಲ್ಲ. ನಾನೂ ಎತ್ತಿದೆ.

ಬೆಟಗೇರಿಯ ಮನೆಯಲ್ಲಿ ಮೇಲಿನ ಅಂತಸ್ತು ಅವಳದು, ಕೆಳಗಿನದು ನನ್ನದು. ಇಪ್ಪತ್ತು ವರ್ಷದಿಂದ ನಮಗೆ ಒಂದೇ ಜಗಳ: ಯಾರ ಜೋಳದ ರೊಟ್ಟಿ ಹೆಚ್ಚು ಖಡಕ್? ನಾನು ಎಡಚಿ, ನನ್ನ ರೊಟ್ಟಿ ಮಾಗಡಿ ಕೆರೆಯ ದಂಡೆಯ ಹಾಗೆ ಒಂದು ಬದಿಗೆ ಸೊಟ್ಟ. ಅವಳದು ತಟ್ಟೆಯಿಟ್ಟು ಕೊರೆದಷ್ಟು ದುಂಡಗೆ. ನಮ್ಮ ಅತ್ತೆ ಮಾತ್ರ ಕೊನೆಯವರೆಗೂ "ಎರಡೂ ಒಂದ ಬಿಡ್ರೆವಾ" ಎಂದು ಜಾರಿಕೊಂಡರು.

ಹೊರಡುವ ಮುನ್ನ ಪಣ ಕಟ್ಟಿದೆವು. ಟೆಂಟಿನ ಮುಂದೆ ಇಬ್ಬರೂ ರೊಟ್ಟಿ ಮುರಿಯಬೇಕು, ಮಾಸ್ತರರು ಸಪ್ಪಳ ಕೇಳಿ ತೀರ್ಪು ಕೊಡಬೇಕು. ಸೋತವಳು ಮುಂದಿನ ಯುಗಾದಿಯವರೆಗೆ ಎರಡೂ ಮನೆಗೆ ರೊಟ್ಟಿ ಬಡಿಯಬೇಕು. ಅತ್ತೆಯ ಹಳೆಯ ಸೀರೆ ಹರಿದು ಎರಡು ತುಂಡು ಮಾಡಿ, ಇಬ್ಬರೂ ಒಂದೊಂದು ಗಂಟು ಕಟ್ಟಿಕೊಂಡೆವು. ನಮ್ಮ ಕಡೆ ಬೇಸಿಗೆಯಲ್ಲಿ ಹಾಗೇ ಅಲ್ಲವೇ? ಬಟ್ಟೆಯಲ್ಲಿ ಸುತ್ತಿ ಇಟ್ಟಷ್ಟೂ ರೊಟ್ಟಿ ಖಡಕ್ ಆಗುತ್ತದೆ.

ಮರಳಲ್ಲಿ ಕಾಲು ಹೂತು, ಗುಡ್ಡ ಹತ್ತಿಳಿದು, ತದಡಿಯಲ್ಲಿ ದೋಣಿ ಹತ್ತಿ ಹೊಳೆ ದಾಟುವಷ್ಟರಲ್ಲಿ ಮೈಯೆಲ್ಲ ಅಂಟಂಟು. ನಮ್ಮೂರ ಬಿಸಿಲು ಸುಡುತ್ತದೆ, ಖರೆ. ಹೀಗೆ ಹಬೆಯಲ್ಲಿ ಬೇಯಿಸುವುದಿಲ್ಲ. ಮಧ್ಯಾಹ್ನ ತೆಂಗಿನ ನೆರಳಲ್ಲಿ ಕುಳಿತಾಗ ಗಂಟಿನೊಳಗೆ ಕೈ ಹಾಕಿದೆ. ರೊಟ್ಟಿ ಒದ್ದೆ ಟವಲಿನ ಹಾಗೆ ಮಡಚಿಕೊಂಡಿತು!

ಅಕ್ಕ ಕಾಲು ತೊಳೆಯಲು ನೀರಿಗಿಳಿದಿದ್ದಳು. ಯೋಚಿಸುತ್ತ ಕೂರುವ ಹೆಂಗಸಲ್ಲ ನಾನು. ಅವಳ ಗಂಟು ನನ್ನ ಚೀಲಕ್ಕೆ, ನನ್ನದು ಅವಳ ಚೀಲಕ್ಕೆ. ಬಿಚ್ಚಿ ನೋಡಲೂ ಇಲ್ಲ. ಅವಳ ರೊಟ್ಟಿ ಮೆತ್ತಗಾಗುವ ಮಾತೇ ಇಲ್ಲ ಎಂದು ನನಗೆ ಗೊತ್ತಿತ್ತು. ಉಳಿದ ದಾರಿಯಲ್ಲಿ ಅವಳ ನೀರಿನ ಬಾಟಲಿಯನ್ನೂ ನಾನೇ ಹೊತ್ತೆ.

"ಏನವಾ, ಇವತ್ತ ಪ್ರೀತಿ ಭಾಳ ಉಕ್ಕಾಕತ್ತೈತಿ?"

"ವಯಸ್ಸಾತಲ್ಲಕ್ಕ ನಿನಗ."

ಹೊತ್ತು ಮುಳುಗುವ ಮುಂಚೆ ಟೆಂಟುಗಳೆದ್ದವು. ಎಲ್ಲರೂ ಸುತ್ತ ಕುಳಿತರು, ಮಾಸ್ತರರು ಕಿವಿಗೆ ಕೈ ಹಚ್ಚಿದರು. ನಾನು ಗತ್ತಿನಿಂದ ಗಂಟು ಬಿಚ್ಚಿ ಒಂದು ರೊಟ್ಟಿ ಮುರಿದೆ. ಸಪ್ಪಳವೇ ಇಲ್ಲ. ಅದೂ ಮೆತ್ತಗಾಗಿತ್ತು! ಅಕ್ಕ ಮುರಿದದ್ದೂ ಹಾಗೇ.

"ಎರಡೂ ಹರದಾವು. ಒಂದೂ ಮುರಿದಿಲ್ಲ," ಎಂದು ಮಾಸ್ತರರು ತೀರ್ಪು ಕೊಟ್ಟರು. ಗುಂಪು ಹೊಟ್ಟೆ ಹಿಡಿದು ನಕ್ಕಿತು.

ಅಕ್ಕ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಮುಂದಿದ್ದ ದುಂಡನೆಯ ರೊಟ್ಟಿಗಳನ್ನು ನೋಡಿದಳು. ಥೂ ನನ್ನ! ಸೊಟ್ಟ ಅಂಚು ಮರೆತೇಬಿಟ್ಟಿದ್ದೆ.

"ಗಂಟು ಕದ್ದೀ ಏನ?"

ಸಿಕ್ಕಿಬಿದ್ದದ್ದಕ್ಕೆ ಸಿಟ್ಟು ಬಂತು. "ಕದ್ದಿಲ್ಲ. ಅದಲು ಬದಲು ಮಾಡೀನಿ."

"ಯಾಕ?"

"ನಿನ್ನವು ಖಡಕ್ ಇರ್ತಾವು ಅಂತ ಗೊತ್ತಿತ್ತು, ಅದಕ್ಕ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳ ಕಣ್ಣು ತುಂಬಿ ಬಂತು.

"ಇಪ್ಪತ್ತ ವರ್ಷ ಆತು. ಅತ್ತಿನೂ ಈ ಮಾತ ಹೇಳದ ಹೋದ್ರು," ಎಂದಳು.

ಮೂವತ್ತು ಮೆಟ್ಟಿಲು ಹತ್ತಿ ಹೇಳಿಬರಬಹುದಾಗಿದ್ದ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕುಳಿತಿದ್ದೆನಲ್ಲ!

"ನಿನ್ನ ರೊಟ್ಟಿನ ಚಲೋ, ಅಕ್ಕ."

ಅವಳು ಓಢಣಿಯಿಂದ ಕಣ್ಣೊರೆಸಿಕೊಂಡಳು. "ಕೇಳಸ್ಲಿಲ್ಲವಾ. ಸಮುದ್ರದ ಸಪ್ಪಳ ಭಾಳ ಐತಿ. ಎದ್ದು ನಿಂತು ಎಲ್ಲಾರಿಗೂ ಕೇಳೂವಂಗ ಹೇಳು."

ಎದ್ದು ನಿಂತು ಕೂಗಿ ಹೇಳಿದೆ. ಮೂರು ಸಲ ಹೇಳಿಸಿದಳು, ಪುಣ್ಯಾತ್ಗಿತ್ತಿ. ಆಮೇಲೆ ಕುಳಿತು, ನನ್ನ ಸೊಟ್ಟ ರೊಟ್ಟಿಗಳನ್ನೇ ಶೇಂಗಾ ಚಟ್ನಿ ಹಚ್ಚಿಕೊಂಡು ನಾಲ್ಕು ತಿಂದಳು.