ಖಂಡೆಪ್ಪನ ಸಹಿ

ಬ್ಯಾಂಕಿನಲ್ಲಿ ಖಾತೆ ತೆರೆಯಲು ಆಗ ಒಬ್ಬ ಪರಿಚಯದಾರ ಬೇಕಿತ್ತು. ಈಗಾಗಲೇ ಖಾತೆಯಿದ್ದವನೊಬ್ಬ ‘ಈ ಮನುಷ್ಯನನ್ನು ನಾನು ಬಲ್ಲೆ’ ಎಂದು ಸಹಿ ಹಾಕಬೇಕು, ಅಷ್ಟೇ. ಸಿಂದಗಿಯಲ್ಲಿ ಒಂದು ಕಪ್ ಚಹಾಕ್ಕೆ ಯಾರು ಬೇಕಾದರೂ ಯಾರನ್ನು ಬೇಕಾದರೂ ಬಲ್ಲವರಾಗುತ್ತಿದ್ದರು. ಗುಮಾಸ್ತನಾಗಿದ್ದ ನಾನೂ ಕಣ್ಣು ಮುಚ್ಚಿಕೊಂಡು ಕಾಗದ ಮುಂದೆ ಸಾಗಿಸುತ್ತಿದ್ದೆ. ಎದುರಿನ ಹಗ್ಗದಂಗಡಿಯ ಖಂಡೆಪ್ಪ ಮಾತ್ರ ಬೇರೆ. ಹಗ್ಗವನ್ನೂ ಜಗ್ಗಿ ನೋಡದೆ ಮಾರುತ್ತಿರಲಿಲ್ಲ.

೧೯೭೪ರ ಒಂದು ಗುರುವಾರ ಕುರಿ ಕಾಯುವವರ ಮನೆಯ ಹೆಣ್ಣುಮಗಳೊಬ್ಬಳು ಬಂದಳು. ಗಂಡ ಬೀರಣ್ಣ ಕೆರೆ ಅಗೆಯುವಾಗ ಮಣ್ಣು ಕುಸಿದು ಸತ್ತಿದ್ದ. ಪರಿಹಾರದ ಚೆಕ್ಕು ಚಂದವ್ವ ಎಂಬ ಅವಳ ಹೆಸರಿಗೆ ಬಂದಿತ್ತು. ಶನಿವಾರಕ್ಕೆ ಅದರ ಅವಧಿ ಮುಗಿಯುತ್ತಿತ್ತು. ಅಷ್ಟರೊಳಗೆ ಖಾತೆಯಾಗದಿದ್ದರೆ ಅದು ಬರೀ ಕಾಗದ. ಸರ್ಕಾರಿ ಚೆಕ್ಕು ಎಂದ ಕೂಡಲೇ ಚಹಾದ ಗಿರಾಕಿಗಳೆಲ್ಲ ಜಾರಿಕೊಂಡರು. ಉಳಿದ ಖಾತೆದಾರ ಖಂಡೆಪ್ಪ ಒಬ್ಬನೇ.

“ಬೀರಣ್ಣನ ಹೇಂತಿ ಅಂತ ಗೊತ್ತೈತಿ ತಂಗಿ,” ಎಂದ ಅವನು. “ಚಂದವ್ವ ಅನ್ನೂದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಹೆಂಗ ಸಹಿ ಹಾಕ್ಲಿ? ತವರಮನಿ ಯಾವೂರು?”

“ಸಾಲೋಟಗಿ ರೀ.”

ನನಗೆ ಮೈ ಉರಿಯಿತು. “ಸಹಿ ಹಾಕಿದ್ರ ಕೈ ಸವೀತೈತೇನು?” ಎಂದು ರೇಗಿದೆ. ಮರುದಿನ ಅವನ ಅಂಗಡಿಗೆ ಬೀಗ. ಅವಳು ದಿನವಿಡೀ ನಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು.

ಶನಿವಾರ ಬೆಳಿಗ್ಗೆ ಖಂಡೆಪ್ಪ ಧೂಳು ಮೆತ್ತಿದ ಧೋತರದಲ್ಲೇ ಬಂದು ಸಹಿ ಹಾಕಿದ. ‘ಎಷ್ಟು ಕಾಲದಿಂದ ಬಲ್ಲಿರಿ?’ ಎಂಬಲ್ಲಿ ‘ನಿನ್ನೆಯಿಂದ’ ಎಂದು ಬರೆದ.

“ಐದ ವರ್ಷ ಅಂತ ಬರೀರಿ,” ಎಂದೆ.

“ಐದ ವರ್ಷ ಬರೇ ನೋಡೀನ್ರಿ. ನಿನ್ನಿ ಸಾಲೋಟಗಿಗಿ ಹೋಗಿ ಆಕಿ ಹಡದವ್ವನ್ನ ಕೇಳಿ ಬಂದೀನಿ. ಸಣ್ಣಾಕಿದ್ದಾಗ ಮರಿ ಹಿಡಿಯಾಕ ಹೋಗಿ ಬಾವ್ಯಾಗ ಬಿದ್ದಿದ್ಲಂತ. ಎಡಗೈ ಮ್ಯಾಲ ಗಾಯದ ಕಲಿ ಐತಿ, ಈಗ ಮೆಟ್ಟಿಲ ಮ್ಯಾಲ ನೋಡೇ ಬಂದೀನ್ರಿ. ಈಕೀನ ಚಂದವ್ವ.”

ಮ್ಯಾನೇಜರು ಕಾಗದವನ್ನು ಎರಡು ಸಲ ಓದಿ, ಖಂಡೆಪ್ಪನ ಮುಖ ನೋಡಿ, ಒಪ್ಪಿದರು. ಕಂಡಂತೆ ಹೇಳಿದರೆ ಕೆಂಡದಂಥ ಕೋಪ ಅನ್ನುತ್ತಾರಲ್ಲ, ಆ ಕೋಪ ಎರಡು ದಿನ ನನ್ನದಾಗಿತ್ತು. ಈಗ ನಾಚಿಕೆಯಾಯಿತು.

ಹೆಬ್ಬೆಟ್ಟು ಒತ್ತಿಸಲು ಖಂಡೆಪ್ಪನೇ ಬಾಗಿಲಿಗೆ ಹೋಗಿ ಮೆಟ್ಟಿಲ ಮೇಲಿದ್ದ ಅವಳನ್ನು ಕರೆದ: “ಚಂದವ್ವಾ, ಒಳಗ ಬಾರವಾ.”

ಅವಳು ತಿರುಗಲಿಲ್ಲ. ಲಗ್ನವಾಗಿ ಬಂದಂದಿನಿಂದ ಊರಿಗೆಲ್ಲ ಅವಳು ಬೀರಣ್ಣನ ಹೇಂತಿ; ಈಗ ಬೀರಣ್ಣನೂ ಇರಲಿಲ್ಲ. ಹತ್ತಿರ ಹೋಗಿ ಮತ್ತೆ ಕರೆದಾಗ ಬೆಚ್ಚಿ ಎದ್ದಳು. ನಾನು ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಅವಳ ಕಣ್ಣೀರು ನನ್ನ ಕೈಮೇಲೆ ಬಿತ್ತು.

“ಇನ್ನೊಮ್ಮಿ ಕರೀರಿ ಯಣ್ಣಾ,” ಎಂದಳು ಖಂಡೆಪ್ಪನಿಗೆ.