ಯಾರೂ ಅರೆಯದ ಮರಳು

ನಿನ್ನೆ ಬೆಳಿಗ್ಗೆ ಶೋಕೇಸಿನ ಧೂಳು ಹೊಡೆಯಲು ಹೋಗಿ ಒಂದು ಬಾಟಲಿ ಒಡೆದೆ. ಧೂಳು ಹೊಡೆಯುವುದು ನನ್ನ ಪಾಲಿನ ಕೆಲಸ; ನನ್ನ ಪಾಲಿಗೆ ಬಂದ ಕೆಲಸದಲ್ಲೆಲ್ಲ ಏನಾದರೊಂದು ಒಡೆಯುತ್ತದೆ ಎನ್ನುವುದು ಹೆಂಡತಿ ಸುಜಾತಳ ಹಳೆಯ ದೂರು. ಒಡೆದದ್ದು ಬರೀ ಹಳೆಯ ಜಾಮ್ ಬಾಟಲಿ. ಆದರೆ ಅದರೊಳಗಿದ್ದ ಕೆಂಚು ಬಣ್ಣದ ಮರಳು ನೆಲದ ತುಂಬ ಹರಡಿಕೊಂಡಿತು. ನೀವಾಗಿದ್ದರೆ ಪೊರಕೆ ತರುತ್ತಿದ್ದಿರಿ. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ನಮ್ಮ ಸಂಸಾರ ಮಾಡಿದ ಒಂದೇ ಒಂದು ಫಾರಿನ್ ಟೂರಿನಿಂದ ಉಳಿದಿದ್ದ ವಸ್ತು ಅದು.

ಆ ಮರಳಿನ ಕಥೆ ಹೇಳುವ ಮೊದಲು ನಮ್ಮೂರಿನ ಮರಳಿನ ಕಥೆ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನ ಉರಿಗಾಂನಲ್ಲಿ. ಅಪ್ಪ ಚಿನ್ನದ ಗಣಿಯ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವನು. ಭೂಮಿಯೊಳಗಿಂದ ಬಂದ ಕಲ್ಲನ್ನು ಅಲ್ಲಿ ಹಿಟ್ಟಿನಂತೆ ಅರೆದು, ಸೈನೈಡ್ ಎಂಬ ವಿಷದ ಮದ್ದು ಹಾಕಿ ಚಿನ್ನ ತೆಗೆದು, ಮಿಕ್ಕ ಮರಳನ್ನು ಹೊರಗೆ ಸುರಿಯುತ್ತಿದ್ದರು. ಸುರಿದೂ ಸುರಿದೂ ಅವೇ ಬೆಟ್ಟಗಳಾದವು. ಬೇರೆ ಊರಿನವರು ಬಂದು ಚೆಂದ ಚೆಂದ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಾವು ಅದನ್ನು ಸೈನೈಡ್ ಗುಡ್ಡ ಎನ್ನುತ್ತೇವೆ.

ಏಳು ವರ್ಷದವನಿದ್ದಾಗ ಗೋಣಿಚೀಲದ ಮೇಲೆ ಕೂತು ಆ ಗುಡ್ಡದಿಂದ ಒಂದು ಸಲ ಜಾರಿದ್ದೆ. ಒಂದೇ ಸಲ. ಶಿಫ್ಟು ಮುಗಿಸಿ ಬರುತ್ತಿದ್ದ ಅಪ್ಪ ನೋಡಿಬಿಟ್ಟ. ಬೆನ್ನಿಗೆ ಎರಡು ಬಾರಿಸಿ, ಗಣಿ ಕಾರ್ಮಿಕರ ಲೈನುಮನೆಗಳ ಬೀದಿ ನಲ್ಲಿಯ ಕೆಳಗೆ ನಿಲ್ಲಿಸಿ, ತೆಂಗಿನ ನಾರು ತಗೊಂಡು ನನ್ನ ಕಾಲು ಉಜ್ಜಿದ. ಚರ್ಮ ಕೆಂಪಾಯಿತು, ರಕ್ತವೂ ಜಿನುಗಿತು, ಅವನು ನಿಲ್ಲಿಸಲಿಲ್ಲ. ಯಾಕೆಂದು ಹೇಳಲೂ ಇಲ್ಲ. ಹೊಡೆತವನ್ನು ಮರುದಿನವೇ ಮರೆತೆ. ಉಜ್ಜಿದ್ದನ್ನು ಮಾತ್ರ ಮರೆಯಲಾಗಲಿಲ್ಲ. ದೊಡ್ಡವನಾದ ಮೇಲೂ ಒಳಗೆಲ್ಲೋ ಅಪ್ಪನ ಮೇಲೆ ಒಂದು ಮುನಿಸು ಇದ್ದೇ ಇತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಮರಳು ಮುಟ್ಟಿದವರು ಕೈಕಾಲು ತೊಳೆಯಲೇಬೇಕು. ಬೇತಮಂಗಲದ ಕೆರೆ ದಂಡೆಗೆ ಹೋಗಿ ಬಂದರೂ ಅಷ್ಟೇ. ಮನೆ ಕಟ್ಟಿಸುವಾಗ ಬಂದ ಮರಳಿನ ರಾಶಿಗೆ ಅಪ್ಪ ಟಾರ್ಪಾಲು ಹೊದಿಸಿ, ಕುರ್ಚಿ ಹಾಕಿಕೊಂಡು ಕಾವಲು ಕೂತ. ಮರಳಲ್ಲಿ ಗುಬ್ಬಿಗೂಡು ಕಟ್ಟದೆ ಬೆಳೆದ ಮಕ್ಕಳು ಎಲ್ಲಾದರೂ ಇದ್ದರೆ ಅವರು ನನ್ನ ಮಕ್ಕಳೇ.

ಇಂಥ ಮನುಷ್ಯನನ್ನು ನಾವು ಕರೆದುಕೊಂಡು ಹೋದದ್ದು ದುಬೈಗೆ. ಆರು ವರ್ಷದ ಹಿಂದಿನ ಮಾತು. ಸುಜಾತಳ ತಮ್ಮ ಅಲ್ಲಿ ಕೆಲಸದಲ್ಲಿದ್ದ, ಬನ್ನಿ ಬನ್ನಿ ಎಂದು ಕರೆದ. ಮಗಳು ಇಂಚರಳಿಗೆ ಆಗ ಆರು, ಮಗ ಪುಟ್ಟನಿಗೆ ಮೂರು. ಏರ್‌ಪೋರ್ಟಿನ ತಪಾಸಣೆಯಲ್ಲಿ ಯಾರೂ ಹೇಳುವ ಮೊದಲೇ ಅಪ್ಪ ಎರಡೂ ಕೈ ಮೇಲೆತ್ತಿ, ಜೇಬಿನ ಒಳಮೈ ಹೊರಗೆಳೆದು ನಿಂತ. ಮಿಲ್ಲಿನ ಗೇಟಿನಲ್ಲಿ ದಿನವೂ ಹಾಗೆ ನಿಂತು ಅಭ್ಯಾಸ. ದುಬೈಯ ಚಿನ್ನದ ಬಜಾರಿನಲ್ಲಿ ಸುಜಾತ ಕಣ್ಣರಳಿಸಿಕೊಂಡು ಓಡಾಡುತ್ತಿದ್ದರೆ, ಅಪ್ಪ ಹೊರಗೆ ಬೆಂಚಿನ ಮೇಲೆ ಕೂತು ಪುಟ್ಟನಿಗೆ ಖರ್ಜೂರ ಬಿಡಿಸಿ ತಿನ್ನಿಸುತ್ತಿದ್ದ. ಒಳಗೆ ಬಂದು ನೋಡು ಎಂದರೆ, "ನೋಡೋದೇನೈತೆ. ಕಲ್ಲಾಗಿದ್ದಾಗ್ಲೇ ನೋಡಿವ್ನಿ" ಎಂದ.

ಇಂಚರಳಿಗೆ ಚಿನ್ನ, ಮುಗಿಲೆತ್ತರದ ಗೋಪುರ ಯಾವುದೂ ಬೇಕಾಗಿರಲಿಲ್ಲ. ಸೋದರಮಾವ ಕಳಿಸಿದ್ದ ವಿಡಿಯೊದಲ್ಲಿ ಮಕ್ಕಳು ಮರಳ ದಿಬ್ಬದಿಂದ ಜಾರುವುದನ್ನು ನೋಡಿ, ತಾನೂ ಜಾರಬೇಕು, ಅದೂ ತಾತನ ಜೊತೆಗೇ ಜಾರಬೇಕು ಎಂದು ತಿಂಗಳಿಂದ ಜಪ ಮಾಡುತ್ತಿದ್ದಳು. ಮೂರನೆಯ ದಿನ ಮರುಭೂಮಿಗೆ ಹೋದೆವು. ಜೀಪಿನ ಬಾಗಿಲು ತೆಗೆದದ್ದೇ ಅಪ್ಪ ಅವಳ ರಟ್ಟೆ ಹಿಡಿದುಕೊಂಡ.

"ಇಳೀಬ್ಯಾಡ ಮಗಾ. ಕಾಲಿಡಬ್ಯಾಡ."

"ಅಪ್ಪಾ, ಇದು ಬರೀ ಮರಳು," ಎಂದೆ.

"ನಮ್ದು ಮಾತ್ರ ಏನು ಬ್ಯಾರೆ ತರ ಕಾಣ್ತಿತ್ತಾ? ಸುಮ್ಕಿರ್ಲಾ."

ಮಗಳು ಅತ್ತಳು. ಡ್ರೈವರು ನಮ್ಮನ್ನು ವಿಚಿತ್ರವಾಗಿ ನೋಡಿದ. ಅಷ್ಟು ದೂರ ಬಂದು ಮಗು ಜೀಪಿನಲ್ಲೇ ಕೂತು ವಾಪಸು ಹೋಗಬೇಕಲ್ಲ ಎಂದು ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಆಗ ಇಂಚರ ಮೂಗು ಒರೆಸಿಕೊಂಡು ಹೇಳಿದಳು:

"ತಾತಾ, ಆಮೇಲೆ ನಾರಲ್ಲಿ ಉಜ್ಜು. ನಾನು ಅಳಲ್ಲ."

ಆ ಕಥೆಯನ್ನು ಎಂದೋ ನಾನೇ ಅವಳಿಗೆ ನಗೆಯಾಡುತ್ತ ಹೇಳಿದ್ದೆ. ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಮೊಣಕಾಲು ಹಿಡಿದುಕೊಂಡು ತಾನೇ ಮೊದಲು ಇಳಿದು, ಬಗ್ಗಿ ಒಂದು ಚಿಟಿಕೆ ಮರಳು ತೆಗೆದುಕೊಂಡು, ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದ. ಮಿಲ್ಲಿನಲ್ಲಿ ಕಲ್ಲು ಸರಿಯಾಗಿ ಅರೆದಿದೆಯೇ ಎಂದು ಅವನು ಮೂವತ್ತು ವರ್ಷ ನೋಡಿದ್ದು ಹೀಗೆಯೇ.

"ಬಾರ್ಲಾ ಇಲ್ಲಿ, ಕೈ ಕೊಡು," ಎಂದು ನನ್ನ ಬೆರಳ ನಡುವೆಯೂ ಒಂದು ಚಿಟಿಕೆ ಇಟ್ಟ. "ನಮ್ದು ಅರೆದಿದ್ದು, ಮೈದಾ ಇದ್ದಂಗೆ ಬೆರಳಿಗೆ ಮೆತ್ಕಂತೈತೆ. ಇದು ನೋಡು, ಉರುಳ್ತೈತೆ, ರಾಗಿ ಕಾಳಂಗೆ. ಇದನ್ನ ಯಾರೂ ಅರೆದಿಲ್ಲ." ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಓಗು ಮಗಾ, ಆಡ್ಕೋ. ತಡಿ, ನಾನೂ ಬತ್ತೀನಿ" ಎಂದ.

ಎಪ್ಪತ್ತೆರಡರ ಅಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಲೆ ಬಂದವನು ನನ್ನ ಪಕ್ಕದಲ್ಲಿ ಏದುಸಿರು ಬಿಡುತ್ತಾ ಕೂತ.

"ಅವತ್ತು ಬೋ ಉಜ್ಜಿಬಿಟ್ಟೆ ನಿನ್ನ ಕಾಲ."

"ಇರ್ಲಿ ಬಿಡಪ್ಪಾ."

"ಇರ್ಲಿ ಅಂದ್ರೆ ಆಯ್ತಾ? ಏಳು ವರ್ಸದ ಕಾಲು ಅದು. ಗುಡ್ಡದ ನೀರು ಕುಡ್ದು ಎಮ್ಮೆ ಸತ್ತು ಬಿದ್ದಿದ್ದು ನೋಡಿದ್ದೆ. ಭಯ ಆಗೋಯ್ತು ಕಣ್ಲಾ ನಂಗೆ."

ಅಪ್ಪನಿಗೆ ಭಯವೆಂಬುದು ಇತ್ತು ಎಂದು ನನಗೆ ಗೊತ್ತಾದದ್ದೇ ಆವತ್ತು. ಕಣ್ಣೊರೆಸಿಕೊಂಡೆ. ಕಣ್ಣಿಗೆ ಮರಳು ಬಿತ್ತು ಎಂದೆ. ಮರುಭೂಮಿಯಲ್ಲಿ ಅದೊಂದು ಅನುಕೂಲ.

ಮರುದಿನ ಊರಿನವರಿಗೆಲ್ಲ ನೆನಪಿನ ಕಾಣಿಕೆ ಕೊಳ್ಳಲು ಹೊರಟೆವು. ಒಂಟೆಯ ಬೊಂಬೆ, ಖರ್ಜೂರ, ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಗೋಪುರ. ಬಂಗಾರಪೇಟೆಯ ನಾದಿನಿಗೆ ತಂದ ಗೋಪುರ ಅಂಟಲೇ ಇಲ್ಲ, ಅವಳ ಫ್ರಿಜ್ಜಿನ ಬಾಗಿಲು ಗಾಜಿನದು. ಒಂದು ಅಂಗಡಿಯಲ್ಲಿ ಬಣ್ಣದ ಮರಳು ತುಂಬಿದ ಸೀಸೆಯೊಳಗೆ ಮಕ್ಕಳ ಹೆಸರು ಮೂಡಿಸಿಕೊಡುತ್ತಿದ್ದರು. ಅಪ್ಪ ಅಂಗಡಿಯವನನ್ನು ಉರಿಗಾಂ ತಮಿಳಿನಲ್ಲಿ ಮಾತಾಡಿಸಿ, ಒಂದು ಚಿಟಿಕೆ ಕೇಳಿ ಪಡೆದು ಉಜ್ಜಿ, "ಬಣ್ಣ ಆಕವ್ರೆ, ಮಕ್ಳಿಗೆ ಬ್ಯಾಡ" ಎಂದು ತೀರ್ಪು ಕೊಟ್ಟ. ಅಪ್ಪನಿಗೇನು, ಹಿಂದಿನ ದಿನವೇ ನೀರಿನ ಬಾಟಲಿಯ ತುಂಬ ದಿಬ್ಬದ ಮರಳು ತುಂಬಿಕೊಂಡಿದ್ದ. ಅದೇ ನಮ್ಮ ಶೋಕೇಸಿನ ಜಾಮ್ ಬಾಟಲಿಗೆ ಬಂದು ಸೇರಿದ್ದು.

ನಿನ್ನೆ ಗಾಜು ಒಡೆದ ಸದ್ದಿಗೆ ಪುಟ್ಟ ಓಡಿ ಬಂದ. ಅವನಿಗೀಗ ಒಂಬತ್ತು. ಹಿಂದೆಯೇ ಕೋಲೂರಿಕೊಂಡು ಅಪ್ಪ. "ಕಾಲಿಡಬ್ಯಾಡ್ಲಾ" ಎಂದು ಮೊಮ್ಮಗನನ್ನು ತಡೆದು, ಕುರ್ಚಿಯಲ್ಲಿ ಕೂತು ಕೈ ಚಾಚಿದ. ಗಾಜು ಆರಿಸಿ ಒಂದು ಚಿಟಿಕೆ ಅಂಗೈಗೆ ಹಾಕಿದೆ. ಕಣ್ಣು ಮುಚ್ಚಿ ಉಜ್ಜಿದ. ಮತ್ತೆ ಉಜ್ಜಿದ. ಸಕ್ಕರೆ ಕಾಯಿಲೆ ಅವನ ಬೆರಳ ತುದಿಗಳನ್ನು ಜೋಮು ಹಿಡಿಸಿ ವರ್ಷವಾಯಿತು.

"ನಂಗೆ ಗೊತ್ತಾಯ್ತಾ ಇಲ್ಲ ಕಣ್ಲಾ," ಎಂದ ಮೆಲ್ಲಗೆ. "ನಮ್ದಾ ಇದು, ಅವ್ರದಾ? ನೀನು ನೋಡು."

ಉಜ್ಜಿ ನೋಡಿದೆ. ನಾನೂ ಕಣ್ಣು ಮುಚ್ಚಿಕೊಂಡಿದ್ದೆ.

"ಅವ್ರದು ಅಪ್ಪಾ. ಉರುಳ್ತೈತೆ."

"ಸರ್ಯಾಗಿ ನೋಡ್ದಾ?"

"ನೋಡ್ದೆ."

"ಅಂಗಾದ್ರೆ ಆಡ್ಕಳ್ಲಿ ಬಿಡು."

ಪುಟ್ಟ ಗಾಜಿನ ಚೂರೆಲ್ಲ ಹೋಗುವಂತೆ ನನ್ನಿಂದ ಜರಡಿ ಹಿಡಿಸಿಕೊಂಡು, ಮರಳನ್ನು ತಟ್ಟೆಗೆ ತುಂಬಿಕೊಂಡು ಹಿತ್ತಲಿಗೆ ಹೋದ. ನಾನು ಅಭ್ಯಾಸಬಲದಿಂದ ಕೈ ತೊಳೆಯಲು ನಲ್ಲಿಯವರೆಗೆ ಹೋದವನು, ತೊಳೆಯದೆ ಹಾಗೆಯೇ ವಾಪಸು ಬಂದು ಅಪ್ಪನ ಪಕ್ಕ ಕೂತೆ.